ಪಿತ್ತಕೋಶದ ಕಲ್ಲಿಗೆ ‘ತೂತಿನ ಆಪರೇಷನ್’: ಯಾರಿಗೆ ಬೇಕು, ಎಲ್ಲಿ ಮಾಡಿಸಬೇಕು, ಎಷ್ಟು ಖರ್ಚು?

‘ಡಾಕ್ಟ್ರೇ, ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಬಂದಿದೆ. ಹೊಟ್ಟೆ ಕೊಯ್ಯದೆ ತೂತು ಮಾಡಿ ತೆಗೀತಾರಂತಲ್ಲ, ಮಾಡಿಸಿಬಿಡಲೇ?’

ಈ ಪ್ರಶ್ನೆಯನ್ನು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಕೇಳುವವರ ಗಮನವೆಲ್ಲ ತೂತಿನ ಮೇಲೆಯೇ. ತೂತು ಸಣ್ಣದಾದ್ದರಿಂದ ಆಪರೇಷನ್ನೂ ಸಣ್ಣದು ಎಂಬ ನಂಬಿಕೆ ಊರಿನಲ್ಲೂ ಇದೆ, ಹಳ್ಳಿಯಲ್ಲೂ ಇದೆ. ಹೊರಗಿನ ಗಾಯ ಚಿಕ್ಕದು ಎಂಬುದು ನಿಜ. ಒಳಗೆ ಕತ್ತರಿಸಿ ತೆಗೆಯುವುದು ಮಾತ್ರ ಹಿಂದಿನ ದೊಡ್ಡ ಆಪರೇಷನ್ನಿನಲ್ಲಿ ತೆಗೆಯುತ್ತಿದ್ದ ಅದೇ ಅಂಗವನ್ನು. ಆದ್ದರಿಂದ ತೂತಿನ ಅಳತೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಈ ಆಪರೇಷನ್ ನನಗೆ ಬೇಕೇ? ಬೇಕಾದರೆ ಯಾವಾಗ, ಎಲ್ಲಿ? ಹಣ ಎಲ್ಲಿಂದ?

ಯಾವ ಕಲ್ಲು, ಎಲ್ಲಿಯ ಕಲ್ಲು?

ನಮ್ಮ ಜನ ‘ಹೊಟ್ಟೆಯಲ್ಲಿ ಕಲ್ಲು’ ಎಂದುಬಿಡುತ್ತಾರೆ. ಮೂತ್ರಪಿಂಡದ ಕಲ್ಲು ಬೇರೆ, ಪಿತ್ತಕೋಶದ ಕಲ್ಲು ಬೇರೆ. ಪಿತ್ತಕೋಶವೆಂಬುದು ಬಲಗಡೆ ಪಕ್ಕೆಲುಬಿನ ಕೆಳಗೆ, ಯಕೃತ್ತಿನ ತಳಕ್ಕೆ ಅಂಟಿಕೊಂಡಿರುವ ಒಂದು ಪುಟ್ಟ ಚೀಲ. ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸ ಇಲ್ಲಿ ಸಂಗ್ರಹವಾಗಿ ಗಟ್ಟಿಯಾಗುತ್ತದೆ. ಜಿಡ್ಡಿನ ಊಟ ಮಾಡಿದಾಗ ಚೀಲ ಕುಗ್ಗಿ ರಸವನ್ನು ಕರುಳಿಗೆ ಬಿಡುತ್ತದೆ. ರಸದೊಳಗಿನ ಕೊಲೆಸ್ಟರಾಲ್ ಅಥವಾ ಬಣ್ಣದ ಅಂಶ ಹರಳುಗಟ್ಟಿದರೆ ಅದೇ ಕಲ್ಲು. ಹೆಂಗಸರಲ್ಲಿ, ಅದರಲ್ಲೂ ಮಕ್ಕಳನ್ನು ಹೆತ್ತವರಲ್ಲಿ, ಸ್ಥೂಲದೇಹಿಗಳಲ್ಲಿ, ಪಥ್ಯ ಮಾಡಿ ತೀರಾ ಬೇಗ ತೂಕ ಇಳಿಸಿದವರಲ್ಲಿ ಇದು ಹೆಚ್ಚು.

ಬಾಳೆದಿಂಡಿನ ರಸ ಕುಡಿದರೆ ಕಲ್ಲು ಮೂತ್ರದಲ್ಲಿ ಹೋಗುತ್ತದೆ ಎಂದು ನಂಬಿ ತಿಂಗಳುಗಟ್ಟಲೆ ಕುಡಿದು ಬರುವವರಿದ್ದಾರೆ. ಮೂತ್ರಪಿಂಡದ ಕಲ್ಲಿಗೆ ಅದು ಎಷ್ಟು ಸಹಾಯ ಮಾಡುತ್ತದೆ ಎಂಬ ಚರ್ಚೆ ಇಲ್ಲಿ ಬೇಡ. ಪಿತ್ತಕೋಶಕ್ಕೂ ಮೂತ್ರಕ್ಕೂ ದಾರಿಯೇ ಇಲ್ಲ ಎಂಬುದು ತಿಳಿದಿದ್ದರೆ ಸಾಕು. ಇನ್ನು ಕೆಲವರು ಎಣ್ಣೆ ಮತ್ತು ನಿಂಬೆರಸ ಕುಡಿದು ಮರುದಿನ ಮಲದಲ್ಲಿ ಹಸಿರು ಉಂಡೆಗಳನ್ನು ಕಂಡು ಕಲ್ಲು ಬಿತ್ತೆಂದು ಸಂತೋಷಪಡುತ್ತಾರೆ. ಅವು ಎಣ್ಣೆ ಹೊಟ್ಟೆಯಲ್ಲಿ ಸಾಬೂನಿನಂತಾಗಿ ಆದ ಉಂಡೆಗಳು. ಮತ್ತೆ ಸ್ಕ್ಯಾನ್ ಮಾಡಿಸಿದರೆ ಕಲ್ಲು ಇದ್ದಲ್ಲೇ ಇರುತ್ತದೆ.

ಕಲ್ಲು ಕರಗಿಸುವ ಮಾತ್ರೆ ಇದೆ, ನಿಜ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎಂದು ಅದರ ಹೆಸರು. ಚಿಕ್ಕ ಕೊಲೆಸ್ಟರಾಲ್ ಕಲ್ಲುಗಳಿದ್ದು ಪಿತ್ತಕೋಶ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಮಾತ್ರ ಅದರಿಂದ ಉಪಯೋಗ. ಅದನ್ನೂ ತಿಂಗಳುಗಳ ಕಾಲ, ಕೆಲವೊಮ್ಮೆ 2 ವರ್ಷದವರೆಗೆ ನುಂಗಬೇಕು. ನಿಲ್ಲಿಸಿದ ಮೇಲೆ 5 ವರ್ಷದೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಕಲ್ಲು ಮರಳಿ ಬರುತ್ತದೆ. ಕಲ್ಲು ಹುಟ್ಟುವ ಚೀಲ ಒಳಗೇ ಇರುವುದರಿಂದ ಇದು ಸಹಜ. ಆಪರೇಷನ್ನಿನಲ್ಲಿ ಬರೀ ಕಲ್ಲನ್ನು ತೆಗೆಯದೆ ಚೀಲವನ್ನೇ ತೆಗೆಯುವುದೂ ಇದೇ ಕಾರಣಕ್ಕೆ. ಚೀಲವಿಲ್ಲದೆ ಬದುಕಬಹುದೇ ಎಂದರೆ, ಬದುಕಬಹುದು. ಪಿತ್ತರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಹರಿಯುತ್ತದೆ, ಅಷ್ಟೆ.

ಯಾರಿಗೆ ಬೇಕು, ಯಾರಿಗೆ ಬೇಡ

ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಂಡ, ಯಾವ ತೊಂದರೆಯನ್ನೂ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ. ಇಂಥ ಕಲ್ಲು ತೊಂದರೆ ಕೊಡಲಾರಂಭಿಸುವ ಸಂಭವ ವರ್ಷಕ್ಕೆ 100ರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಮುಂಜಾಗ್ರತೆಯಾಗಿ ಪಿತ್ತಕೋಶ ತೆಗೆಸುವ ಪದ್ಧತಿಯೂ ಈಗ ಇಲ್ಲ. 3 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಪಿತ್ತಕೋಶದ ಗೋಡೆ ಸುಣ್ಣಗಟ್ಟಿರುವುದು, ದೊಡ್ಡ ದುರ್ಮಾಂಸದ ಗಂಟು, ರಕ್ತಕಣಗಳು ಬೇಗ ಒಡೆಯುವ ಹುಟ್ಟುರೋಗ, ಇಂಥ ಕೆಲವು ವಿನಾಯಿತಿಗಳಿವೆ. ಅದನ್ನು ತಜ್ಞರು ನೋಡಿ ಹೇಳುತ್ತಾರೆ.

ನಿಜವಾದ ಪಿತ್ತಕೋಶದ ನೋವು ಹೇಗಿರುತ್ತದೆ? ಹೊಟ್ಟೆಯ ಮೇಲ್ಭಾಗದಲ್ಲಿ, ನಡುವೆ ಅಥವಾ ಬಲಕ್ಕೆ, ಹಿಡಿದುಕೊಂಡಂತೆ ಬರುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಬಿಡುವುದಿಲ್ಲ. ಬೆನ್ನಿಗೆ ಅಥವಾ ಬಲ ಹೆಗಲಿನ ಹಲಗೆಗೆ ಎಳೆಯುತ್ತದೆ. ಮದುವೆ ಊಟದ ರಾತ್ರಿ ಎಬ್ಬಿಸುತ್ತದೆ. ನಮ್ಮಲ್ಲಿ ಇದನ್ನೆಲ್ಲ ‘ಗ್ಯಾಸ್ಟ್ರಿಕ್’ ಎಂದು ಕರೆದು, ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗಿ, ವರ್ಷಗಟ್ಟಲೆ ಕಳೆಯುವವರುಂಟು.

ಇದರ ತಿರುಗುಮುರುಗೂ ಉಂಟು. ಹೊಟ್ಟೆಯುಬ್ಬರ, ತೇಗು, ಹುಳಿತೇಗು, ಎದೆಯುರಿ ಇಷ್ಟೇ ತೊಂದರೆ ಇರುವವರಿಗೆ ಸ್ಕ್ಯಾನ್‌ನಲ್ಲಿ ಒಂದು ಕಲ್ಲು ಕಂಡಿತೆಂದು ಆಪರೇಷನ್ ಮಾಡಿಸಿದರೆ ಕಲ್ಲು ಹೋಗುತ್ತದೆ, ಉಬ್ಬರ ಉಳಿಯುತ್ತದೆ. ‘ಅಷ್ಟು ದುಡ್ಡು ಸುರಿದೆ, ಗ್ಯಾಸ್ ಹಾಗೇ ಇದೆ’ ಎಂದು ಬೇಸರದಿಂದ ಬರುವವರಲ್ಲಿ ಬಹುಪಾಲು ಇವರೇ. ಆಪರೇಷನ್ನಿಗೆ ಒಪ್ಪುವ ಮುಂಚೆ ‘ನನ್ನ ಈ ತೊಂದರೆ ಕಲ್ಲಿನಿಂದಲೇ ಬರುತ್ತಿದೆಯೇ?’ ಎಂದು ವೈದ್ಯರನ್ನು ನೇರವಾಗಿ ಕೇಳಿ.

ಪಿತ್ತಕೋಶದ ನೋವು ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಇಂಥವರು ಆಪರೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದು. ಜ್ವರದೊಂದಿಗೆ ನೋವು ಬಿಡದೆ ನಿಂತರೆ ಪಿತ್ತಕೋಶಕ್ಕೆ ಉರಿಯೂತ ಬಂದಿದೆ ಎಂದು ಅರ್ಥ. ಹಿಂದೆ ಇದಕ್ಕೆ ಆ್ಯಂಟಿಬಯೋಟಿಕ್ ಕೊಟ್ಟು ತಣ್ಣಗಾಗಿಸಿ, 6 ವಾರ ಬಿಟ್ಟು ಬನ್ನಿ ಎನ್ನುತ್ತಿದ್ದರು. ಈಗ ರೋಗಿ ತಡೆದುಕೊಳ್ಳುವಂತಿದ್ದರೆ ಅದೇ ದಾಖಲಾತಿಯಲ್ಲಿ, ಮೊದಲ ಕೆಲವು ದಿನಗಳೊಳಗೆ ಆಪರೇಷನ್ ಮಾಡುವುದೇ ಮೇಲು ಎಂದು ಗೊತ್ತಾಗಿದೆ. ಮನೆಗೆ ಕಳಿಸಿದವರಲ್ಲಿ ಅನೇಕರು 6 ವಾರ ಮುಗಿಯುವ ಮೊದಲೇ ಇನ್ನೂ ಕೆಟ್ಟ ಸ್ಥಿತಿಯಲ್ಲಿ ಮರಳುತ್ತಾರೆ.

ಕಲ್ಲು ಜಾರಿ ಪಿತ್ತನಾಳಕ್ಕೆ ಸಿಕ್ಕಿಕೊಂಡರೆ ಕಾಮಾಲೆ, ಚಳಿಜ್ವರ ಬರುತ್ತವೆ. ಮೇದೋಜೀರಕ ಗ್ರಂಥಿಯ ಬಾಯಿಗೆ ಸಿಕ್ಕಿದರೆ ಆ ಗ್ರಂಥಿಯೇ ಊದಿಕೊಂಡು ಪ್ರಾಣಕ್ಕೆ ಸಂಚಕಾರ ತರಬಹುದು. ಕಣ್ಣು ಹಳದಿಯಾಗಿ ನಡುಕದ ಜ್ವರ ಬಂದವರನ್ನು ಕಾಮಾಲೆಯ ಬೇರು ಕೊಡುವವರ ಬಳಿಗೆ ಕರೆದೊಯ್ಯಬೇಡಿ. ಇದು ಅದೇ ದಿನ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಬಾಯಿಯ ಮೂಲಕ ಕೊಳವೆ ಇಳಿಸಿ ನಾಳದ ಕಲ್ಲನ್ನು ತೆಗೆಯುವ ಇಆರ್‌ಸಿಪಿ ಎಂಬ ಚಿಕಿತ್ಸೆ ಇದಕ್ಕೆ ಬೇಕಾಗುತ್ತದೆ. ಎಲ್ಲ ಊರುಗಳಲ್ಲಿ ಇದು ಸಿಗುವುದಿಲ್ಲ.

ತೂತಿನ ಒಳಗೆ ಏನು ನಡೆಯುತ್ತದೆ?

ಪೂರ್ಣ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳಿನ ಬಳಿ ಸುಮಾರು 1 ಸೆಂಟಿಮೀಟರಿನ ಗಾಯ ಮಾಡಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬುತ್ತಾರೆ. ಹೊಟ್ಟೆಯ ಗೋಡೆ ಗುಡಾರದಂತೆ ಮೇಲೇಳುತ್ತದೆ. ಒಳಗಿನ ಒತ್ತಡ ಪಾದರಸದ 12ರಿಂದ 15 ಮಿಲಿಮೀಟರ್ ಮೀರದಂತೆ ಯಂತ್ರ ನೋಡಿಕೊಳ್ಳುತ್ತದೆ. ಬೆಳಕು ಮತ್ತು ಕ್ಯಾಮೆರಾ ಇರುವ ಕೊಳವೆಯನ್ನು ಹೊಕ್ಕುಳಿನ ತೂತಿನಿಂದ ಇಳಿಸಿ, ಸಲಕರಣೆಗಳಿಗಾಗಿ ಪಕ್ಕೆಲುಬಿನ ಕೆಳಗೆ ಇನ್ನು 3 ತೂತು ಮಾಡುತ್ತಾರೆ. ಶಸ್ತ್ರವೈದ್ಯರು ಟಿ.ವಿ. ಪರದೆಯನ್ನು ನೋಡುತ್ತ, ಪಿತ್ತಕೋಶದ ನಾಳ ಮತ್ತು ರಕ್ತನಾಳವನ್ನು ಬಿಡಿಸಿ, ಟೈಟಾನಿಯಂ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಯಕೃತ್ತಿನಿಂದ ಬೇರ್ಪಡಿಸಿ ಹೊರತೆಗೆಯುತ್ತಾರೆ. ಕ್ಲಿಪ್ ಒಳಗೇ ಉಳಿಯುತ್ತದೆ, ತೊಂದರೆಯಿಲ್ಲ.

ಆಪರೇಷನ್ ಆದ ಮೇಲೆ ಒಂದೆರಡು ದಿನ ಹೆಗಲು ನೋಯುತ್ತದೆ. ‘ಹೊಟ್ಟೆ ಆಪರೇಷನ್ ಮಾಡಿದರೆ ಹೆಗಲೇಕೆ ನೋಯಬೇಕು?’ ಎಂದು ಗಾಬರಿಪಡುವವರಿದ್ದಾರೆ. ಅನಿಲ ವಪೆಯನ್ನು ಕೆರಳಿಸಿರುತ್ತದೆ. ವಪೆಯ ನರ ಮತ್ತು ಹೆಗಲಿನ ನರ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುವುದರಿಂದ ನೋವು ಅಲ್ಲಿ ತೋರುತ್ತದೆ.

ಪಿತ್ತಕೋಶವನ್ನು ಮೊದಲು ಹೊಟ್ಟೆ ತೆರೆದು ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ನೂರಕ್ಕೂ ಹೆಚ್ಚು ವರ್ಷ ಅದೇ ದಾರಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ದರ್ಶಕದ ಮೂಲಕ ತೆಗೆದಾಗ ಅಲ್ಲಿನ ಹಿರಿಯರು ಅದನ್ನು ಮೆಚ್ಚಲಿಲ್ಲ. 1987ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮೌರೆ ಮಾಡಿದ ಮೇಲೆ ಅದು ಹಬ್ಬಿತು. ಭಾರತದಲ್ಲಿ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಮಾಡಿದರು. ಈ ವಿಧಾನ ಈ ದೇಶದಲ್ಲಿ ಬೇರೂರಿದ್ದು ಒಂದು ಸರ್ಕಾರಿ ಆಸ್ಪತ್ರೆಯಿಂದ ಎಂಬುದನ್ನು, ಇದು ಶ್ರೀಮಂತರ ಆಪರೇಷನ್ ಎಂದುಕೊಂಡವರು ಗಮನಿಸಬೇಕು.

ನಮ್ಮ ಹಳ್ಳಿಯ ಹೆಂಗಸರಿಗೆ ಈ ದರ್ಶಕ ಇನ್ನೂ ಹಳೆಯ ಪರಿಚಯ. ‘ಲ್ಯಾಪ್ರೋಸ್ಕೋಪಿ’ ಎಂದರೆ ಅವರ ಮನಸ್ಸಿಗೆ ಬರುವುದು ಶಿಬಿರದಲ್ಲಿ ಮಾಡುತ್ತಿದ್ದ ಕುಟುಂಬ ಯೋಜನೆ ಆಪರೇಷನ್. ‘ಐದು ನಿಮಿಷದ್ದಲ್ವಾ ಡಾಕ್ಟ್ರೇ, ಸಂಜೆಗೆ ಮನೆಗೆ ಹೋಗಬಹುದಲ್ವಾ?’ ಎಂದು ಕೇಳುವುದು ಅದನ್ನು ನೆನೆದೇ. ಪಿತ್ತಕೋಶದ್ದು ಅಂಥದ್ದಲ್ಲ, ಸಾಧಾರಣ ಒಂದು ಗಂಟೆಯ ನಾಜೂಕಿನ ಕೆಲಸ. ಆ ಐದು ನಿಮಿಷದ ಆಪರೇಷನ್ ಕೂಡ ಅವಸರದಲ್ಲಿ ಪ್ರಾಣ ತೆಗೆದದ್ದುಂಟು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನೇ ನಿಲ್ಲಿಸಬೇಕೆಂದು ಹೇಳಿತು.

ಅಪಾಯ ಮತ್ತು ‘ಓಪನ್’ ಎಂಬ ಭಯ

ಈ ಆಪರೇಷನ್ನಿನಲ್ಲಿ ಶಸ್ತ್ರವೈದ್ಯರು ಅತಿಯಾಗಿ ಹೆದರುವುದು ಮುಖ್ಯ ಪಿತ್ತನಾಳಕ್ಕೆ ಆಗುವ ಗಾಯಕ್ಕೆ. ಸಾವಿರ ಆಪರೇಷನ್ನಿಗೆ ಮೂರರಿಂದ ಐದರಲ್ಲಿ ಹೀಗಾಗುತ್ತದೆ. ಸಂಖ್ಯೆ ಚಿಕ್ಕದು, ಆದರೆ ಆದವರ ಬದುಕು ಆಸ್ಪತ್ರೆಯ ಸುತ್ತಲೇ ಸುತ್ತುತ್ತದೆ. ಉರಿಯೂತದಿಂದ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದಾಗ ಯಾವುದು ಯಾವ ನಾಳ ಎಂದು ತಿಳಿಯದಾಗುತ್ತದೆ. ಎರಡೇ ಎರಡು ನಾಳಗಳು ಪಿತ್ತಕೋಶಕ್ಕೆ ಹೋಗುತ್ತಿರುವುದನ್ನು ಸ್ಪಷ್ಟವಾಗಿ ಕಾಣುವವರೆಗೆ ಯಾವುದನ್ನೂ ಕತ್ತರಿಸಬಾರದೆಂಬ ನಿಯಮವನ್ನು 1995ರಿಂದ ಕಲಿಸುತ್ತ ಬಂದಿದ್ದಾರೆ.

ಕಾಣದಿದ್ದರೆ? ಆಗ ಒಳ್ಳೆಯ ಶಸ್ತ್ರವೈದ್ಯರು ದರ್ಶಕವನ್ನು ಬದಿಗಿಟ್ಟು ಹೊಟ್ಟೆ ತೆರೆಯುತ್ತಾರೆ, ಇಲ್ಲವೇ ಚೀಲದ ಒಂದು ಭಾಗವನ್ನು ಬಿಟ್ಟು ಉಳಿದದ್ದನ್ನು ತೆಗೆಯುತ್ತಾರೆ. ಮನೆಯವರು ಇದನ್ನು ‘ಕೈ ಕೊಟ್ಟರು’, ‘ಫೇಲ್ ಆಯಿತು’ ಎನ್ನುವುದನ್ನು ಕೇಳಿದ್ದೇನೆ. ರೋಗಿಯ ಪಿತ್ತನಾಳವನ್ನು ಉಳಿಸಲೆಂದೇ ಅವರು ಹಾಗೆ ಮಾಡಿರುತ್ತಾರೆ. ‘ಬೇಕಾದರೆ ಹೊಟ್ಟೆ ತೆರೆಯುತ್ತೇವೆ’ ಎಂಬ ಸಾಲು ಒಪ್ಪಿಗೆ ಪತ್ರದಲ್ಲಿ ಇದ್ದೇ ಇರುತ್ತದೆ. ಸಹಿ ಹಾಕುವ ಮುಂಚೆ ಮನೆಮಂದಿಯೆಲ್ಲ ಓದಿಕೊಳ್ಳಿ.

ಖರ್ಚಿನ ಲೆಕ್ಕ

ಆಸ್ಪತ್ರೆಯ ಬಿಲ್ಲಿನಲ್ಲಿ ಏನೇನಿರುತ್ತದೆ? ಕ್ಯಾಮೆರಾ, ಬೆಳಕಿನ ಯಂತ್ರ, ಅನಿಲದ ಯಂತ್ರಗಳಿಗೆ ಹಾಕಿದ ಬಂಡವಾಳ, ಅರಿವಳಿಕೆ, ಕ್ಲಿಪ್ಪು, ತೂತಿಗೆ ಹಾಕುವ ಟ್ರೋಕಾರ್ ಕೊಳವೆಗಳು, ವಾರ್ಡಿನ ಬಾಡಿಗೆ. ಟ್ರೋಕಾರ್‌ನಲ್ಲಿ ಎರಡು ಬಗೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನದು, ಕ್ರಿಮಿಶುದ್ಧಿ ಮಾಡಿ ಮತ್ತೆ ಮತ್ತೆ ಬಳಸುವ ಲೋಹದ್ದು. ಸರಿಯಾಗಿ ಶುದ್ಧಿ ಮಾಡಿದರೆ ಲೋಹದ್ದು ಏನೂ ಕಡಿಮೆಯಲ್ಲ, ಬಿಲ್ಲು ಮಾತ್ರ ಇಳಿಯುತ್ತದೆ. ಶುದ್ಧಿ ಸರಿಯಿಲ್ಲದಿದ್ದರೆ ವಾರಗಳ ನಂತರ ತೂತಿನ ಜಾಗದಲ್ಲಿ ಗಂಟು ಕಟ್ಟಿ ಕೀವು ಸೋರುತ್ತದೆ. ಕ್ಷಯರೋಗಾಣುವಿನ ಜಾತಿಗೆ ಸೇರಿದ ಸೂಕ್ಷ್ಮಾಣುಗಳು ಇದಕ್ಕೆ ಕಾರಣ, ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ.

ರೋಬಾಟ್ ಬಂದಿದೆ, ಒಂದೇ ತೂತಿನ ವಿಧಾನ ಬಂದಿದೆ ಎಂದು ಜಾಹೀರಾತು ನೋಡಿ ಕೇಳುವವರಿದ್ದಾರೆ. ಸಾಧಾರಣ ಪಿತ್ತಕೋಶದ ಕಲ್ಲಿಗೆ ಇವಕ್ಕಾಗಿ ಹೆಚ್ಚು ಹಣ ತೆರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಮೆರಿಕದ ಹಿರಿಯ ನಾಗರಿಕರ ವಿಮೆ ದಾಖಲೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಪಿತ್ತನಾಳದ ಗಾಯ ರೋಬಾಟ್ ಬಳಸಿದವರಲ್ಲೇ ಹೆಚ್ಚಾಗಿ ಕಂಡುಬಂದಿತು.

ಇತ್ತ ಖರ್ಚು ಇಳಿಸುವ ದಾರಿಗಳೂ ಇವೆ, ಅವುಗಳಿಗೆ ಜಾಹೀರಾತು ಇಲ್ಲ. ಐದಾರು ಸೆಂಟಿಮೀಟರಿನ ಕಿರುಗಾಯದಿಂದ ಪಿತ್ತಕೋಶ ತೆಗೆಯುವ ವಿಧಾನವನ್ನು ದರ್ಶಕದ ವಿಧಾನದೊಂದಿಗೆ ಹೋಲಿಸಿದ ಪ್ರಯೋಗಗಳಲ್ಲಿ ತೊಡಕುಗಳು ಹೆಚ್ಚುಕಡಿಮೆ ಸಮವಾಗಿವೆ. ಅನಿಲ ತುಂಬುವ ಬದಲು ಹೊಟ್ಟೆಯ ಗೋಡೆಯನ್ನು ಒಂದು ಕೊಕ್ಕೆಯ ಸಾಧನದಿಂದ ಎತ್ತಿಹಿಡಿದು, ಬೆನ್ನುಹುರಿಯ ಅರಿವಳಿಕೆಯಲ್ಲೇ ದರ್ಶಕ ಬಳಸುವುದನ್ನು ಈಶಾನ್ಯ ಭಾರತದ ಗ್ರಾಮೀಣ ಶಸ್ತ್ರವೈದ್ಯರು ರೂಢಿಸಿಕೊಂಡಿದ್ದಾರೆ. ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಮಾಮೂಲು ವಿಧಾನದ ಜೊತೆ ಹೋಲಿಸಿ ನೋಡಿ, ಕಡಿಮೆಯೇನಲ್ಲ ಎಂದು 2020ರಲ್ಲಿ ವರದಿ ಮಾಡಿದರು. ಹರ್ನಿಯಾದ ಮಾತಿಗೆ ಬಂದರೆ, ತೊಡೆಸಂದಿನ ಹರ್ನಿಯಾವನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿ ಸಣ್ಣ ಗಾಯದಿಂದ ಸರಿಪಡಿಸಬಹುದು. ಅದಕ್ಕೆ ಹಾಕುವ ಬಲೆಯ ಬದಲು ಶುದ್ಧಿ ಮಾಡಿದ ಸೊಳ್ಳೆಪರದೆಯ ಬಟ್ಟೆಯನ್ನು ಮಹಾರಾಷ್ಟ್ರದ ಸಣ್ಣ ಊರಾದ ದೊಂಡಾಯಿಚಾದ ಡಾ. ತೋಂಗಾವ್ಕರ್ ಬಳಸಿ ತೋರಿಸಿದರು. ಉಗಾಂಡದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಅಂಥ ಅಗ್ಗದ ಬಲೆ ದುಬಾರಿ ಬಲೆಗೆ ಸಮನಾಗಿ ನಿಂತಿತು.

ಇಷ್ಟಾದರೂ ಪಿತ್ತಕೋಶದ ವಿಷಯದಲ್ಲಿ ಬಡವರಿಗೆ ದರ್ಶಕದ ಆಪರೇಷನ್ನೇ ಲಾಭ ಎಂಬುದು ನನ್ನ ಅಭಿಪ್ರಾಯ. ಕಾರಣ ಬಿಲ್ಲಿನಲ್ಲಿ ಕಾಣುವುದಿಲ್ಲ. ತೋಟದ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ದೊಡ್ಡ ಗಾಯದ ಆಪರೇಷನ್ ಮಾಡಿಸಿಕೊಂಡರೆ ಐದಾರು ದಿನ ಆಸ್ಪತ್ರೆ, ಮತ್ತೆ ಒಂದು ಒಂದೂವರೆ ತಿಂಗಳು ಭಾರ ಎತ್ತುವಂತಿಲ್ಲ. ಅಷ್ಟು ದಿನದ ಕೂಲಿ ಹೋಯಿತು. ಜೊತೆಗೆ ನಿಂತ ಗಂಡನದೋ ಅಕ್ಕನದೋ ಕೂಲಿಯೂ ಹೋಯಿತು. ತೂತಿನ ಆಪರೇಷನ್ ಆದರೆ ಒಂದೆರಡು ದಿನಕ್ಕೆ ಮನೆಗೆ ಹೋಗಬಹುದು, ಹತ್ತು ದಿನಕ್ಕೆ ಹಗುರ ಕೆಲಸ, ಎರಡು ಮೂರು ವಾರಕ್ಕೆ ಮಾಮೂಲು ಕೆಲಸ. ‘ಅಡಿಕೆ ಕೊಯ್ಲು ಮುಗಿಯಲಿ’, ‘ಮಗಳ ಮದುವೆ ಆಗಲಿ’ ಎಂದು ಮುಂದೂಡುತ್ತ ಹೋಗಿ, ಕಲ್ಲು ನಾಳಕ್ಕೆ ಜಾರಿ ಕಾಮಾಲೆಯೊಂದಿಗೆ ಬಂದರೆ ಇಆರ್‌ಸಿಪಿಯ ಖರ್ಚು, ತೀವ್ರ ನಿಗಾ ಘಟಕದ ಖರ್ಚು ಎಲ್ಲ ಸೇರಿ ಲೆಕ್ಕ ಹಲವು ಪಟ್ಟಾಗುತ್ತದೆ.

ಹಣವಿಲ್ಲದವರು ಏನು ಮಾಡಬೇಕು?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ಮೀರದಂತೆ ಭರಿಸುತ್ತಾರೆ. ಜನ ಎಡವುವುದು ಒಂದು ಕಡೆ: ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಕೊಂಡು ಆಮೇಲೆ ಕಾರ್ಡು ತೋರಿಸುತ್ತಾರೆ. ತುರ್ತು ಸ್ಥಿತಿಯನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಸಿಗದಿದ್ದಾಗ ಕೊಡುವ ಶಿಫಾರಸು ಪತ್ರ ಹಿಡಿದು ಯೋಜನೆಗೆ ಒಳಪಟ್ಟ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪಡಿತರ ಚೀಟಿ, ಆಧಾರ್ ಎರಡೂ ಜೊತೆಗಿರಲಿ, ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ, ಅವರನ್ನು ಕೇಳಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಘೋಷಣೆಯಾದ ಯೋಜನೆ ಇದು. ನೋಂದಣಿಗೆ ಗಡುವು ಇರುತ್ತದೆ, ನೋವು ಬಂದ ಮೇಲೆ ಹಣ ಕಟ್ಟುತ್ತೇನೆಂದರೆ ಆಗುವುದಿಲ್ಲ. ಹಾಲಿನ ಡೈರಿಗೆ ಹೋದಾಗ ಕಾರ್ಯದರ್ಶಿಯನ್ನು ವಿಚಾರಿಸಿಕೊಳ್ಳಿ.

ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದು ಕರೆಯುವ ಆಸ್ಪತ್ರೆ, ಇಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಸರದಿ ಉದ್ದವಿರಬಹುದು, ಅನುಭವವೂ ಅಷ್ಟೇ ದೊಡ್ಡದು. ಎಲ್ಲೇ ಹೋದರೂ ಕೆಲವು ಮಾತು ಸಂಕೋಚವಿಲ್ಲದೆ ಕೇಳಿ: ಇಂಥ ಆಪರೇಷನ್ ಇಲ್ಲಿ ವಾರವಾರವೂ ನಡೆಯುತ್ತದೆಯೇ? ಅರಿವಳಿಕೆ ತಜ್ಞರು ಇಲ್ಲೇ ಇರುತ್ತಾರೆಯೇ? ಹೊಟ್ಟೆ ತೆರೆಯಬೇಕಾಗಿ ಬಂದರೆ ಬಿಲ್ಲು ಎಷ್ಟಾಗುತ್ತದೆ? ಹೇಳಿದ ಮೊತ್ತದಲ್ಲಿ ಔಷಧ, ಕ್ಲಿಪ್, ತಪಾಸಣೆ ಸೇರಿವೆಯೇ? ತೆಗೆದ ಪಿತ್ತಕೋಶವನ್ನು ಅಂಗಾಂಶ ಪರೀಕ್ಷೆಗೆ ಕಳಿಸುತ್ತೀರಾ? ಕೊನೆಯದನ್ನು ಮರೆಯಬೇಡಿ. ಅಪರೂಪಕ್ಕೆ ಕಲ್ಲಿನ ಜೊತೆ ಕ್ಯಾನ್ಸರ್ ಅಡಗಿರುತ್ತದೆ. ಕಲ್ಲನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದು ನೆಂಟರಿಗೆಲ್ಲ ತೋರಿಸುವವರು ಆ ಪರೀಕ್ಷೆಯ ವರದಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿರುತ್ತಾರೆ.

ಮನೆಗೆ ಬಂದ ಮೇಲೆ

ಜನ್ಮಪೂರ್ತಿ ಪಥ್ಯ ಬೇಕಿಲ್ಲ. ಕೆಲವು ವಾರ ಕರಿದದ್ದು, ಜಿಡ್ಡು ಕಡಿಮೆ ಮಾಡಿ, ಆಮೇಲೆ ಎಂದಿನ ಊಟ ಮಾಡಬಹುದು. ಕೆಲವರಿಗೆ ಊಟವಾದ ಕೂಡಲೇ ಭೇದಿಯಾಗುತ್ತದೆ, ಹೆಚ್ಚಿನವರಲ್ಲಿ ತಾನೇ ನಿಲ್ಲುತ್ತದೆ. ಮೊದಲ ದಿನದಿಂದಲೇ ಮನೆಯೊಳಗೆ ಓಡಾಡಿ. ಬಾಣಂತಿಯಂತೆ ಮಂಚ ಹಿಡಿಸುವುದು ಬೇಡ, ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಅದರಿಂದಲೇ.

ದಿನದಿಂದ ದಿನಕ್ಕೆ ನೋವು ಇಳಿಯಬೇಕು. ಏರುತ್ತಿದ್ದರೆ, ಹೊಟ್ಟೆ ಬಿಗಿದುಕೊಂಡರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ತೂತಿನಿಂದ ಹಸಿರು ಹಳದಿ ನೀರು ಸೋರಿದರೆ ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ. ಆಪರೇಷನ್ ಆದ ಆಸ್ಪತ್ರೆಗೇ, ಡಿಸ್ಚಾರ್ಜ್ ಚೀಟಿ ಹಿಡಿದು, ಆ ರಾತ್ರಿಯೇ ಹೊರಡಿ.